ನಾಲ್ಕು ಪದ್ಯ ಕಡಿಮೆ

ದೊಡ್ಡಮ್ಮನ ಕೈಗೆ ಯಾವ ಸೀಸೆ ಸಿಕ್ಕರೂ ಅಲುಗಾಡದೆ ಕೆಳಗಿಳಿಯುತ್ತಿರಲಿಲ್ಲ. ಕೆಮ್ಮಿನ ಔಷಧವಾದರೆ ಸರಿ. ತಲೆಗೆ ಹಚ್ಚುವ ಎಣ್ಣೆಯನ್ನೂ, ಶಾಯಿಯನ್ನೂ, ಒಂದು ಸಲ ಬರೀ ನೀರು ತುಂಬಿಟ್ಟಿದ್ದ ಬಾಟಲಿಯನ್ನೂ ಎರಡು ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿ, ನೆಟ್ಟಗೆ ಮಾಡಿ, ಮತ್ತೆ ತಲೆಕೆಳಗು ಮಾಡಿ, ತಳದಲ್ಲಿ ಏನೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದಳು.

"ದೊಡ್ಡಮ್ಮ ಅಲ್ಲಾಡಿಸಿದ್ರೆ ನೀರೂ ಔಷಧಿ ಆಗುತ್ತೆ" ಎಂದು ಮನೆಯ ಅಳಿಯ ನಗುತ್ತಿದ್ದ.

"ಆಗ್ಲಿ ಬಿಡಪ್ಪ, ಕುಡಿಯೋಕೆ ನೀನಿದ್ದೀಯಲ್ಲ" ಎಂದು ಎಂಬತ್ತೆರಡರ ಅವಳೂ ಬಿಟ್ಟುಕೊಡುತ್ತಿರಲಿಲ್ಲ.

ಅಳಿಯನ ಹೆಂಡತಿ ದೊಡ್ಡಮ್ಮನ ತಂಗಿಯ ಮಗಳು. ನಾಲ್ಕು ವರ್ಷದವಳಿದ್ದಾಗ ಅವಳ ತಾಯಿ ಅವಳನ್ನು ಒಂಟಿಯಾಗಿದ್ದ ಅಕ್ಕನ ಮಡಿಲಿಗೆ ಕೊಟ್ಟಿದ್ದಳು. ದೊಡ್ಡಮ್ಮ ಮೂವತ್ತೊಂದು ವರ್ಷ ದುಡಿದ ಔಷಧ ಕಂಪನಿಯಲ್ಲೇ ಈಗ ಮಗಳೂ ದುಡಿಯುತ್ತಿದ್ದಳು. ದೊಡ್ಡಮ್ಮ ಹಂಡೆಯ ಮುಂದೆ ನಿಂತವಳು, ಮಗಳು ಕಾಗದದ ಮುಂದೆ ಕೂತವಳು. ಹಳೆಯ ಕಟ್ಟಡದ ಹಿಂಬದಿಯ ದಾಖಲೆ ಕೋಣೆ ಅವಳದು. ಕಂಪನಿಯಲ್ಲಿ ಎಲ್ಲರೂ ಅವಳನ್ನು ಕಡತದಕ್ಕ ಎಂದೇ ಕರೆಯುತ್ತಿದ್ದರು.

ಕಬ್ಬಿಣದ ಕಪಾಟುಗಳ ಮೂರು ಸಾಲು, ಒಂದು ಕುಂಟು ಏಣಿ, ಮೂಲೆಮೂಲೆಯಲ್ಲಿ ನುಸಿಗುಳಿಗೆ. ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಎರಡು ಮೇಜು ಹಾಕಿಕೊಂಡು ಕಣ್ಣಿನ ಹನಿ ಮತ್ತು ತುರಿಕೆಯ ಮುಲಾಮು ಮಾಡಲು ಶುರುಮಾಡಿದ ದೊಡ್ಡ ಡಾಕ್ಟರ ಮೊದಲ ನೋಟ್‌ಪುಸ್ತಕ ಅಲ್ಲಿತ್ತು. ಸೀಸೆಗಳಿಗೆ ಬರ ಬಂದ ವರ್ಷ "ಖಾಲಿಯಾದದ್ದನ್ನು ತೊಳೆದು ಹಿಂದಿರುಗಿಸಿ" ಎಂದು ಗಿರಾಕಿಗಳಿಗೆ ಬರೆದ ಕಾಗದದ ನಕಲಿತ್ತು. ಮಿಕ್ಕಿದ್ದೆಲ್ಲ ಬ್ಯಾಚ್ ಹಾಳೆಗಳು. ಒಂದು ಹಂಡೆ ಔಷಧಕ್ಕೆ ಒಂದು ಹಾಳೆ. ಏನು ಹಾಕಿದರು, ಎಷ್ಟು ಹಾಕಿದರು, ಎಷ್ಟು ಹೊತ್ತು ಕಲಕಿದರು, ಎಲ್ಲ ಅದರಲ್ಲಿ. ಕೆಳಗೆ ಎರಡು ಸಹಿ: ಮಾಡಿದವರು, ನೋಡಿದವರು.

ಆ ಹಾಳೆಗಳಿಗೆ ದೊಡ್ಡ ಡಾಕ್ಟರು ಹಾಕಿಕೊಟ್ಟ ಎರಡು ಕಟ್ಟುಪಾಡಿದ್ದವು. ಬರೆದದ್ದನ್ನು ಅಳಿಸಕೂಡದು. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ, ಕೆಳಗಿನ ತಪ್ಪು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ತಿದ್ದಿದವರ ಸಹಿ, ಮೊದಲು ಬರೆದವರ ಸಹಿ, ತಾರೀಖು. ಇನ್ನೊಂದು, ಹಾಳೆಯ ಮೇಲೆ ಕೊನೆಯ ಬರಹ ಬಿದ್ದ ದಿನದಿಂದ ಹತ್ತು ವರ್ಷ ಅದನ್ನು ಕಾಯಬೇಕು. ಹತ್ತು ಕಳೆದವನ್ನೂ ಯಾರೂ ಬಿಸಾಡಿರಲಿಲ್ಲ, ಜಾಗವಿತ್ತು ಅಷ್ಟೆ. ಈಗ ಜಾಗ ಹೋಗಲಿತ್ತು. ಕಟ್ಟಡ ಖಾಲಿ ಮಾಡಬೇಕು. ಹತ್ತು ವರ್ಷ ಮೀರಿದ್ದೆಲ್ಲ ಶುಕ್ರವಾರ ಲಾರಿ ಹತ್ತಿ ಕಾಗದದ ಗಿರಣಿಗೆ ಹೋಗಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು.

ಹೋಗುವ ಮೊದಲು ಬೇಕಾದದ್ದನ್ನು ಹೆಕ್ಕಿಕೊಳ್ಳಲು ಕಂಪನಿ ಒಬ್ಬ ನಿವೃತ್ತ ಉಪನ್ಯಾಸಕರನ್ನು ನೇಮಿಸಿತ್ತು. ಕಂಪನಿಯ ಚರಿತ್ರೆಯ ಪುಸ್ತಕ ಅವರ ಕೆಲಸ. ಚರಿತ್ರೆ ಮೇಷ್ಟ್ರು ಎಂದು ಎರಡೇ ದಿನದಲ್ಲಿ ಹೆಸರು ಬಿದ್ದಿತ್ತು. ಅವರು ಸೋಮವಾರ ಸಂಜೆ ಕಡತದಕ್ಕನ ಜೊತೆ ಮನೆಗೇ ಬಂದರು.

"ಅಮ್ಮ, ನೀವು ಪದ್ಯ ಹೇಳಿ ಹೊತ್ತು ಅಳೀತಿದ್ರಂತಲ್ಲ, ಅದು ನಿಜಾನಾ?"

"ನಿಜವೇ" ಎಂದಳು ದೊಡ್ಡಮ್ಮ. "ಕಲಕೋ ಕೋಣೇಲಿ ಗಡಿಯಾರ ಇರ್ಲಿಲ್ಲ. ತೆರೆದ ಹಂಡೆ ಹತ್ರ ಗಾಜು ಬರಬಾರದು ಅಂತ. ಕನ್ನಡಕ ಇದ್ದೋರು ಅದಕ್ಕೂ ಹಿಂದೆ ದಾರ ಕಟ್ಕೋಬೇಕಿತ್ತು."

ಮಕ್ಕಳ ಜ್ವರದ ಔಷಧವನ್ನು ಉಕ್ಕಿನ ಹಂಡೆಯಲ್ಲಿ ಉದ್ದನೆಯ ಹುಟ್ಟಿನಿಂದ ನಲವತ್ತು ನಿಮಿಷ ಕಲಕಬೇಕಿತ್ತು. ಮದ್ದಿನ ಪುಡಿ ಕರಗುವ ಜಾತಿಯದಲ್ಲ, ಪಾಕದಲ್ಲಿ ತೇಲುವಂಥದ್ದು. ಕಲಕಿದ್ದು ಸಾಲದಿದ್ದರೆ ಹಂಡೆಯ ಮೇಲಿನಿಂದ ತುಂಬಿದ ಸೀಸೆಗೆ ಬರೀ ಸಿಹಿ, ತಳದಿಂದ ತುಂಬಿದ ಸೀಸೆಗೆ ಬರೀ ಮದ್ದು. ಒಬ್ಬಳು ಸಾವಿರದವರೆಗೆ ಎಣಿಸಿ ದಾರಿ ತಪ್ಪುತ್ತಿದ್ದಳು, ಒಬ್ಬಳು ಬಾಗಿಲಿಗೆ ಓಡಿ ಹೊರಗಿನ ಗಡಿಯಾರ ನೋಡಿ ಬರುತ್ತಿದ್ದಳು. ದೊಡ್ಡಮ್ಮ ಮಾತ್ರ ಅಪ್ಪ ಕಲಿಸಿದ ಇಪ್ಪತ್ತು ಪದ್ಯ ಹಾಡುತ್ತಿದ್ದಳು. ಕಾಡಿಗೆ ಹೋದ ಮಗುವನ್ನು ತಾಯಿ ಹುಡುಕಿ ಹೋಗುವ ಕತೆ. ಕೊನೆಗೆ ದೇವರ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿರುತ್ತದೆ. ಪದ್ಯಕ್ಕೆ ಎರಡು ನಿಮಿಷ. ದೊಡ್ಡ ಡಾಕ್ಟರು ಬಾಗಿಲ ಹೊರಗೆ ಗಡಿಯಾರ ಹಿಡಿದು ಮೂರು ದಿನ ಕೇಳಿ, ಅರ್ಧ ನಿಮಿಷವೂ ಹೆಚ್ಚುಕಡಿಮೆ ಕಾಣದೆ, "ಈಕೆಗೆ ಗಡಿಯಾರ ಬೇಡ" ಎಂದು ಬರೆದ ಚೀಟಿ ಮೇಷ್ಟ್ರಿಗೆ ಸಿಕ್ಕಿತ್ತು.

"ನಿಮ್ಮ ಮೇಲೆ ಒಂದು ಅಧ್ಯಾಯಾನೇ ಬರೀತೀನಮ್ಮ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲ! ಒಂದು ಫೋಟೋ ತೆಗೆಸಿಬಿಡೋಣ."

ದೊಡ್ಡಮ್ಮನ ಮುಖ ಇಳಿಯಿತು. ಬಾಗಿಲ ಕಡೆ ನೋಡಿದಳು. "ನನ್ನ ವಿಷಯ ಬೇಡಪ್ಪ" ಎಂದಳು. ಮೇಷ್ಟ್ರು ನಾಚಿಕೆ ಇರಬೇಕೆಂದು ಇನ್ನೆರಡು ಸಲ ಕೇಳಿದರು. "ಬೇಡ ಅಂದ್ರೆ ಬೇಡ" ಎಂದವಳು ಒಳಗೆ ಹೋಗಿ ದೇವರ ಮುಂದೆ ಕೂತುಬಿಟ್ಟಳು. ಮೇಷ್ಟ್ರು ಚೀಲ ಹೆಗಲಿಗೇರಿಸಿಕೊಂಡು ಪೆಚ್ಚುಮೋರೆಯಿಂದ ಮೆಟ್ಟಿಲಿಳಿದರು.

ಮರುದಿನ ಬೆಳಿಗ್ಗೆ ಕಡತದಕ್ಕ ಊಟದ ಡಬ್ಬಿ ಕಟ್ಟುತ್ತಿದ್ದಾಗ ದೊಡ್ಡಮ್ಮ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಳು.

"ಆ ಹಳೇ ಹಾಳೆಗಳೆಲ್ಲ ಶುಕ್ರವಾರ ಹೋಗುತ್ತೇನೇ?"

"ಹೋಗುತ್ತೆ ದೊಡ್ಡಮ್ಮ. ಯಾಕೆ?"

"ಅದರಲ್ಲಿ ಒಂದು ಹಾಳೇಲಿ ನಾನು ಸುಳ್ಳು ಬರ್ದಿದೀನಿ."

ಕಡತದಕ್ಕ ಒಲೆ ಆರಿಸಿದಳು.

ದೊಡ್ಡಮ್ಮನಿಗೆ ಒಂದು ಮಗು ಇತ್ತು, ಎರಡು ವರ್ಷಕ್ಕೆ ಜ್ವರದಲ್ಲಿ ಹೋಯಿತು ಎನ್ನುವುದು ಮನೆಯಲ್ಲಿ ಗೊತ್ತಿದ್ದ ಸಂಗತಿ, ಮಾತಾಡುತ್ತಿರಲಿಲ್ಲ ಅಷ್ಟೆ. ಅದು ಹೋದ ಇಪ್ಪತ್ತಮೂರನೇ ದಿನಕ್ಕೆ ಅವಳು ಕೆಲಸಕ್ಕೆ ಮರಳಿದ್ದಳು. ಆವತ್ತೂ ಅದೇ ಹಂಡೆ, ಅದೇ ಪದ್ಯ. ಹದಿಮೂರರಿಂದ ಹದಿನಾರರವರೆಗೆ ತಾಯಿ ಕಾಡಿನ ನಡುವೆ ನಿಂತು ಮಗುವನ್ನು ಕೂಗುವ ಭಾಗ.

"ಹನ್ನೆರಡು ಮುಗೀತು. ಆಮೇಲೆ ನಾಲಿಗೆ ತಾನಾಗೇ ಹದಿನೇಳಕ್ಕೆ ಹಾರಿಬಿಡ್ತು ನೋಡು. ನನಗೆ ಗೊತ್ತೇ ಆಗ್ಲಿಲ್ಲ. ತಾಯಿ ಕೂಗದೇನೇ ಮಗು ಸಿಕ್ಕಿಬಿಡ್ತು ಆವತ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಲವತ್ತು ನಿಮಿಷ ಅಂತ ಬರೆದು ಸಹಿ ಹಾಕಿ ಬಂದೆ. ಸಂಜೆ ಮನೇಲಿ ಕೂತಾಗ ಹೊಳೀತು, ನಾಲ್ಕು ಪದ್ಯ ಕಡಿಮೆ ಅಂತ. ಬೆಳಿಗ್ಗೆ ಹೇಳೋಣ ಅಂತ ಓಡಿದೆ. ಅಷ್ಟು ಹೊತ್ತಿಗೆ ಸೀಸೆ ತುಂಬಿಸ್ತಾ ಇದ್ರು. ಹೇಳ್ದೆ ಒಳಗೆ ಹೋದೆ. ಕೆಲಸ ಹೋದ್ರೆ ಅನ್ನೋ ಭಯ. ಆವತ್ತು ಹೇಳ್ದೆ ಇದ್ದದ್ದು ಮಾರನೇ ದಿನ ಹೇಗೆ ಹೇಳೋದು? ಹಾಗೇ ಐವತ್ತೊಂದು ವರ್ಷ ಆಯ್ತು."

"ಏನೂ ಆಗಿರಲ್ಲ ದೊಡ್ಡಮ್ಮ."

"ನಿನಗೆ ಹೇಗೆ ಗೊತ್ತು? ಯಾವ ಮನೆ ಮಗುಗೆ ಮೇಲಿನ ಸೀಸೆ ಸಿಕ್ತೋ. ಬರೀ ಸಿಹಿ ಕುಡಿಸಿ, ಜ್ವರ ಇಳಿಯುತ್ತೆ ಅಂತ ಪಕ್ಕದಲ್ಲಿ ಕೂತಿರ್ತಾಳೆ ಅವರಮ್ಮ. ನಾನೂ ಹಾಗೇ ಕೂತಿದ್ದವಳಲ್ವೇನೇ." ಆಮೇಲೆ ಅವಳು ಬ್ಯಾಚಿನ ಸಂಖ್ಯೆ ಹೇಳಿದಳು: ನಾನೂರ ಹದಿಮೂರು. "ಮೇಷ್ಟ್ರು ಏನು ಬೇಕಾದ್ರೂ ಬರ್ಕೊಳ್ಲಿ. ನನಗೆ ಅದು ಎಲ್ಲಿಗೆ ಹೋಯ್ತು ಅಂತ ತಿಳಿದ್ರೆ ಸಾಕು. ಕೆಟ್ಟದ್ದಾದ್ರೂ ಸರಿ, ತಿಳ್ಕೊಂಡೇ ಹೋಗ್ತೀನಿ. ಶುಕ್ರವಾರ ಆದ್ಮೇಲೆ ದೇವರೊಬ್ಬನಿಗೇ ಗೊತ್ತು. ಅವನಂತೂ ಬಾಯಿ ಬಿಡಲ್ಲ."

ಈಗ ಕಡತದಕ್ಕನಿಗೆ ಸೀಸೆಗಳ ಗುಟ್ಟು ತಿಳಿಯಿತು. ಮೂರು ದಿನವಿತ್ತು.

ಆ ವರ್ಷದ ಪೆಟ್ಟಿಗೆ ಮಂಗಳವಾರವೇ ಸಿಕ್ಕಿತು. ಸಂಖ್ಯೆಯ ಪ್ರಕಾರ ಜೋಡಿಸಿದ ಹಾಳೆಗಳು, ಮೂಲೆ ಸ್ವಲ್ಪ ಗೆದ್ದಲು ತಿಂದವು. ನಾನೂರ ಹನ್ನೊಂದು, ಹನ್ನೆರಡು. ಆಮೇಲೆ ಹದಿನಾಲ್ಕು. ಅವಳು ಮತ್ತೆ ಎಣಿಸಿದಳು. ಒಂದಕ್ಕೊಂದು ಅಂಟಿಕೊಂಡಿದೆಯೋ ಎಂದು ಬೆರಳು ಒದ್ದೆ ಮಾಡಿಕೊಂಡು ಬಿಡಿಸಿ ನೋಡಿದಳು. ಹದಿಮೂರು ಇರಲಿಲ್ಲ.

ಒಂದು ಹಾಳೆ ಜಾಗ ಬಿಟ್ಟು ಏಳುವುದು ಸುಮ್ಮನೆ ಅಲ್ಲ ಎಂದು ಇಪ್ಪತ್ತೆರಡು ವರ್ಷ ಕಾಗದ ಕಾಯ್ದವಳಿಗೆ ಗೊತ್ತಿತ್ತು. ಯಾರೋ ಕೇಳಿದ್ದರೆ, ಯಾರದೋ ದೂರು ಬಂದಿದ್ದರೆ, ಹಾಳೆ ಮೇಲಿನ ಕಚೇರಿಗೆ ಹೋಗುತ್ತದೆ. ಬುಧವಾರ ಅವಳು ದೂರಿನ ಪುಸ್ತಕ ತೆಗೆದು ಆ ತಾರೀಖಿನಿಂದ ಒಂದು ವರ್ಷದವರೆಗೆ ಓದಿದಳು. ಬಿರಡೆ ಬಿಗಿ ಎಂದು ಒಬ್ಬರು. ಔಷಧ ತೀರ ಸಿಹಿ, ಮಗ ಇಡೀ ಸೀಸೆ ಕುಡಿಯಲು ನೋಡಿದ ಎಂದು ಒಬ್ಬ ತಾಯಿ. ಚಮಚ ಎಂದರೆ ಯಾವ ಚಮಚ ಎಂದು ಒಬ್ಬ ಅಜ್ಜ, ಮನೆಯಲ್ಲಿದ್ದ ಐದು ಚಮಚದ ಚಿತ್ರ ಬರೆದು ಕಳಿಸಿದ್ದ. ಜ್ವರ ಇಳಿಯಲಿಲ್ಲ ಎಂದು ಒಬ್ಬರೂ ಬರೆದಿರಲಿಲ್ಲ.

ಅದನ್ನೇ ಹೋಗಿ ಹೇಳಿಬಿಡೋಣವೆನಿಸಿತು. ಆದರೆ ದೂರು ಬರೆಯಲು ಬಾರದವರ ಮನೆಯಲ್ಲೂ ಮಕ್ಕಳಿರುತ್ತಾರೆ. ದೊಡ್ಡಮ್ಮ ಮೊದಲು ಕೇಳುವುದೇ ಅದನ್ನು. ಅವಳು ಪುಸ್ತಕ ಮುಚ್ಚಿದಳು.

"ಏನಕ್ಕ, ಬೆಳಿಗ್ಗೆಯಿಂದ ಗುಮ್ಮನಗುಸ್ಕನ ಹಾಗೆ ಕೂತಿದ್ದೀರಿ?" ಎಂದ ಗಾಡಿಯಣ್ಣ. ಮೂರು ಚಕ್ರದ ಗಾಡಿಯಲ್ಲಿ ಪೆಟ್ಟಿಗೆ ಸಾಗಿಸುವವನು ಅವನು. ಅವನ ನಿವೃತ್ತಿಗೂ ಕಟ್ಟಡದ ನಿವೃತ್ತಿಗೂ ಒಂದೇ ತಿಂಗಳು ನಿಗದಿಯಾಗಿತ್ತು.

"ಒಂದು ಹಾಳೆ ಕಾಣ್ತಿಲ್ಲ ಅಣ್ಣ. ಐವತ್ತೊಂದು ವರ್ಷದ ಹಿಂದಿಂದು."

"ಗೆರೆ ಎಳೆದಿದ್ದೋ, ಎಳೀದೆ ಇರೋದೋ?"

"ಅಂದ್ರೆ?"

"ಅಯ್ಯೋ, ಕಡತದಕ್ಕ ಅಂತ ಹೆಸರು ಬೇರೆ! ನಾನು ಸೇರಿದಾಗ ಈ ಕೋಣೇಲಿದ್ದ ಯಜಮಾನರು ತಿದ್ದಿದ ಹಾಳೆ ಎಲ್ಲಾ ಹೊರಗೆ ತೆಗೆದು ಬೇರೆ ಕಟ್ಟಿಡ್ತಿದ್ರು. ಹೊಸಬರಿಗೆ ತೋರಿಸೋಕೆ, ತಪ್ಪು ಹೀಗಾಗುತ್ತೆ ನೋಡ್ರಪ್ಪಾ ಅಂತ. ಕೆಂಪು ದಾರದ ಕಟ್ಟು."

"ಆ ಕಟ್ಟು ಎಲ್ಲಿದೆ?"

ಗಾಡಿಯಣ್ಣ ತಲೆ ಕೆರೆದುಕೊಂಡ. "ಶುಕ್ರವಾರದ ರಾಶಿಗೆ ಮೊದಲು ಹೋಗಿದ್ದೇ ಅದು. ಎಲ್ಲದಕ್ಕಿಂತ ಕೆಳಗೆ."

ಲಾರಿಗೆಂದು ಅಂಗಳದ ಛಾವಣಿಯಡಿ ಒಟ್ಟಿದ ರಾಶಿಯನ್ನು ಇಬ್ಬರೂ ಸೇರಿ ಮಧ್ಯಾಹ್ನವೆಲ್ಲ ಇಳಿಸಿದರು. ಗಾಡಿಯಣ್ಣ ಒಂದೊಂದು ಪೆಟ್ಟಿಗೆಗೂ ಒಂದೊಂದು ಬೈಗುಳ ಸಮರ್ಪಿಸಿದ. ಕೆಂಪು ದಾರ ಹಳತಾಗಿ ಬಣ್ಣ ಕಳೆದುಕೊಂಡು ಇಟ್ಟಿಗೆಯಂತಾಗಿತ್ತು. ಕಟ್ಟು ಬಿಚ್ಚಿ ಹತ್ತಿಪ್ಪತ್ತು ಹಾಳೆ ತಿರುವಿದ ಮೇಲೆ ನಾನೂರ ಹದಿಮೂರು ಬಂತು. ಕಡತದಕ್ಕ ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಪೆಟ್ಟಿಗೆಯೊಂದರ ಮೇಲೆ ಕೂತಳು.

"ಕೆಟ್ಟ ಸುದ್ದಿಯಾ?" ಎಂದ ಗಾಡಿಯಣ್ಣ, ಈ ಸಲ ಮೆಲ್ಲಗೆ.

ಅವಳು ಅಲ್ಲವೆಂದು ತಲೆಯಾಡಿಸಿದಳು. "ದಾಖಲೆ ಕೋಣೆಯಿಂದ ಹಾಳೆ ಮನೆಗೆ ಹೋಗೋ ಹಾಗಿಲ್ಲ ಅಣ್ಣ. ನಾಳೆ ದೊಡ್ಡಮ್ಮನ್ನೇ ಇಲ್ಲಿಗೆ ಕರ್ಕೊಂಡು ಬರ್ತೀನಿ." ಆ ಸಂಜೆ ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಹಾಳೆ ಸಿಕ್ಕಿದೆ. ಒಳ್ಳೇದೇ ಇದೆ. ನೀನೇ ಓದ್ಬೇಕು."

ಗುರುವಾರ ದೊಡ್ಡಮ್ಮ ಇಪ್ಪತ್ತಾರು ವರ್ಷದ ಮೇಲೆ ಕಂಪನಿಯ ಬಾಗಿಲು ದಾಟಿದಳು. ಒಗೆದ ಹತ್ತಿ ಸೀರೆ, ಕೈಯಲ್ಲಿ ಕನ್ನಡಕದ ಡಬ್ಬಿ. ಚರಿತ್ರೆ ಮೇಷ್ಟ್ರು ಎದ್ದು ತಮ್ಮ ಕುರ್ಚಿ ಕೊಟ್ಟು, ಕಪಾಟಿನ ಆಚೆ ಸಾಲಿಗೆ ಹೋಗಿ ನಿಂತರು. ಕಡತದಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು.

ದೊಡ್ಡಮ್ಮನ ಕೈಬರಹದ "ನಲವತ್ತು ನಿಮಿಷ"ದ ಮೇಲೆ ಒಂದೇ ಒಂದು ಗೆರೆ ಇತ್ತು, ಅಳತೆಪಟ್ಟಿ ಇಟ್ಟು ಎಳೆದದ್ದು. ಪಕ್ಕದಲ್ಲಿ ಸಣ್ಣ, ದುಂಡು ಅಕ್ಷರ: "ಮೂವತ್ತೆರಡು. ಹದಿಮೂರರಿಂದ ಹದಿನಾರು ಇಲ್ಲ."

"ಇದು ಗುಮ್ಮಣ್ಣನ ಅಕ್ಷರ" ಎಂದಳು ದೊಡ್ಡಮ್ಮ.

ಗುಮ್ಮಣ್ಣ ಆಗಿನ ಮೇಲ್ವಿಚಾರಕ. ಬೆಳಗಿಂದ ಸಂಜೆವರೆಗೆ ನಾಲ್ಕು ಮಾತಾಡಿದರೆ ಹೆಚ್ಚು. ಕಲಕುವ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತಿರುತ್ತಿದ್ದ. "ಕಾಯ್ತಿದಾನೆ ನೋಡ್ರೇ, ಯಾರು ಸಿಕ್ಕಿಬೀಳ್ತಾರೆ ಅಂತ" ಎಂದು ಹೆಂಗಸರು ಬೈದುಕೊಳ್ಳುತ್ತಿದ್ದರು. ಅದಾಗಿ ಎರಡು ತಿಂಗಳಿಗೆ ದೂರದ ಇನ್ನೊಂದು ಕಾರ್ಖಾನೆಗೆ ವರ್ಗವಾಗಿ ಹೋದ. ಎಷ್ಟೋ ವರ್ಷದ ಮೇಲೆ, ತೀರಿಕೊಂಡ ಎಂಬ ಸುದ್ದಿ ಬಂತು.

"ಕಾಯ್ತಾ ಇರ್ಲಿಲ್ಲ" ಎಂದಳು ದೊಡ್ಡಮ್ಮ ತನಗೆ ತಾನೇ. "ಕೇಳ್ತಾ ಇದ್ದ."

"ಮುಂದೆ ಓದು."

ಕನ್ನಡಕ ಸರಿಮಾಡಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಅವಳು ಓದಿದಳು. "ಅದೇ ಸಂಜೆ ಐದೂವರೆಯಿಂದ ಪೂರ್ತಿ ಮತ್ತೆ ಕಲಕಲಾಯಿತು. ಕಲಕಿದವನು ನಾನೇ. ಮೇಲಿನ, ನಡುವಿನ, ತಳದ ಮಾದರಿ ಪರೀಕ್ಷೆಗೆ ಕೊಟ್ಟಿದೆ. ಮೂರೂ ಒಂದೇ ಸಮ. ಸೀಸೆಗೆ ತುಂಬಬಹುದು." ಪರೀಕ್ಷೆಯ ಮೂರು ಚೀಟಿಗಳನ್ನು ಹಾಳೆಯ ಬೆನ್ನಿಗೆ ಹೊಲಿದಿದ್ದರು. ಅವಳ ಬೆರಳು ಒಂದು ಸಾಲು ಕೆಳಗಿಳಿದು ನಿಂತಿತು. "ಹೊತ್ತು ಅಳೆದದ್ದು: ಅದೇ ಪದ್ಯ. ಇಪ್ಪತ್ತೂ."

ಅವಳು ತಲೆಯೆತ್ತಿದಳು.

"ಗುಮ್ಮಣ್ಣ ಹಾಡಿದ್ನಾ?"

"ಹಾಗೇ ಬರ್ದಿದೆ ದೊಡ್ಡಮ್ಮ."

"ಆ ಮೂಕಬಸವ? ಇಪ್ಪತ್ತೂ?" ಅವಳ ಹೊಟ್ಟೆಯಿಂದ ನಗು ಎದ್ದು ಬಂತು. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು, ಆಮೇಲೆ ಒರೆಸಿಕೊಳ್ಳುವುದಷ್ಟೇ ಉಳಿಯಿತು. ಆಚೆ ಸಾಲಿನಲ್ಲಿ ಮೇಷ್ಟ್ರು ಯಾವುದೋ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದರು.

"ಬೆಳಿಗ್ಗೆ ನಾನು ಬಂದಾಗ ಬಾಗಿಲಲ್ಲೇ ಇದ್ದ ಕಣೇ" ಎಂದಳು ಕನ್ನಡಕ ಮತ್ತೆ ಹಾಕಿಕೊಂಡು. "ನಾನು ಬಾಯಿ ತೆಗೆದೆ, ಮಾತು ಬರ್ಲಿಲ್ಲ. ಅವನೂ ಬಾಯಿ ತೆಗೆದ. ಇಬ್ರೂ ಮುಚ್ಕೊಂಡ್ವಿ."

ಕಡತದಕ್ಕ ಹಾಳೆಯ ಕೆಳತುದಿ ತೋರಿಸಿದಳು. "ತಿದ್ದಿದವರು" ಎಂಬಲ್ಲಿ ಗುಮ್ಮಣ್ಣನ ಸಹಿ ಇತ್ತು. "ಮೊದಲು ಬರೆದವರು" ಎಂಬಲ್ಲಿ ಸಹಿ ಇರಲಿಲ್ಲ. ಆ ಖಾಲಿ ಜಾಗದ ಪಕ್ಕದಲ್ಲಿ ಅದೇ ದುಂಡು ಅಕ್ಷರದಲ್ಲಿ ಎರಡು ಮಾತು: "ಈಗ ಬೇಡ. ಆಮೇಲೆ ಕೇಳುವುದು."

ದೊಡ್ಡಮ್ಮ ಆ ಸಾಲನ್ನು ಜೋರಾಗಿ ಓದಲಿಲ್ಲ. ಆದರೆ ಅವಳ ತುಟಿ ಎರಡು ಸಲ ಅದನ್ನು ಹೇಳಿತು.

"ಪೆನ್ನು ಕೊಡು" ಎಂದಳು.

ಕಡತದಕ್ಕ ಹಿಂಜರಿದಳು. ಐವತ್ತೊಂದು ವರ್ಷದ ಹಿಂದಿನ ಹಾಳೆಗೆ ಇವತ್ತು ಸಹಿಯೇ? ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ತಮಗೇನೂ ಕಾಣುತ್ತಿಲ್ಲ ಎಂಬಂತೆ ಕಿಟಕಿಗೆ ತಿರುಗಿದರು. ಆಗ ದೊಡ್ಡಮ್ಮನೇ ಹೇಳಿದಳು: "ಏನು ಯೋಚನೆ ಮಾಡ್ತೀಯೇ? ದೊಡ್ಡ ಡಾಕ್ಟರು ಹೇಳಿಕೊಟ್ಟಿಲ್ವಾ? ತಡವಾದ್ರೆ ತಡವಾಯ್ತು ಅಂತ ಬರಿ, ಸಹಿ ಹಾಕೋ ದಿನದ ತಾರೀಖನ್ನೇ ಹಾಕು, ಹಿಂದಿನದ್ದು ಹಾಕ್ಬೇಡ. ನಮಗೆಲ್ಲ ಬಾಯಿಪಾಠ ಮಾಡ್ಸಿದ್ರು. ಒಂದು ಸುಳ್ಳು ಸಹಿ ಆಗಿದೆ, ಇದಾದ್ರೂ ನಿಜದ್ದಾಗ್ಲಿ."

ಪೆನ್ನನ್ನು ಕೈಗೆ ತೆಗೆದುಕೊಂಡು, ಅಭ್ಯಾಸದಂತೆ ಅದನ್ನೂ ಎರಡು ಸಲ ಅಲುಗಾಡಿಸಿ, ಗುಮ್ಮಣ್ಣನ ಸಹಿಯ ಕೆಳಗೆ ಬರೆದಳು: "ಕೇಳಿದೆ. ನಾಲ್ಕು ಪದ್ಯ ಕಡಿಮೆ ಇದ್ದದ್ದು ನಿಜ. ತಡವಾಗಿ ಸಹಿ ಮಾಡಿದ್ದೇನೆ." ಸಹಿ ಹಾಕಿ, ಅಂದಿನ ತಾರೀಖು ಬರೆದಳು. ನೋಡಿದವರು ಎಂದು ಕಡತದಕ್ಕ ತನ್ನ ಸಹಿ ಸೇರಿಸಿದಳು. ಒಂದೇ ಹಾಳೆಯ ಮೇಲೆ ಇಬ್ಬರ ಹೆಸರೂ ಬಿದ್ದದ್ದು ಅದೇ ಮೊದಲು.

ಮೇಷ್ಟ್ರು ಈಗ ಕಿಟಕಿಯಿಂದ ಬಂದರು. "ಅಮ್ಮ, ಇದನ್ನ ಬರೀಲಾ, ಬೇಡ್ವಾ?"

"ಬರೀರಿ. ತಪ್ಪೇ ಮಾಡಿಲ್ಲ ಅಂತ ಮಾತ್ರ ಬರೀಬೇಡಿ. ಬರೆದಾಗಿದ್ರೆ ಅಳಿಸ್ಬೇಡಿ, ಒಂದು ಗೆರೆ ಎಳೀರಿ." ಗುಮ್ಮಣ್ಣನ ಬರಹದ ಮೇಲೆ ಬೆರಳಿಟ್ಟು, "ಫೋಟೋನೂ ತೆಗೆಸ್ಕೋತೀನಿ. ಆದ್ರೆ ಪಕ್ಕದಲ್ಲಿ ಈ ಅಕ್ಷರ ಬರ್ಬೇಕು. ಅವನ ಮುಖ ಎಲ್ಲೂ ಸಿಗಲ್ಲ, ಫೋಟೋ ತೆಗೆಯೋ ದಿನ ರಜಾ ಹಾಕ್ತಿದ್ದ ಪುಣ್ಯಾತ್ಮ" ಎಂದಳು.

ಗಾಡಿಯಣ್ಣ ಬಾಗಿಲಲ್ಲಿ ಇಣುಕಿದ. "ಆ ಕೆಂಪು ದಾರದ ಕಟ್ಟು ವಾಪಸ್ ರಾಶಿಗೆ ಹಾಕ್ಲಾ ಅಕ್ಕ? ನಾಳೆ ಬೆಳಿಗ್ಗೆನೇ ಲಾರಿ ಬರುತ್ತೆ."

"ಉಳಿದದ್ದನ್ನ ಮೇಷ್ಟ್ರು ಒಂದು ಸಲ ನೋಡ್ಲಿ, ಆಮೇಲೆ ಹಾಕು. ಇದೊಂದು ಹೋಗಲ್ಲ."

"ಐವತ್ತು ವರ್ಷದ್ದು ಅಂದ್ರಿ?"

ಕಡತದಕ್ಕ ಹಾಳೆಯನ್ನು ಹೊಸ ರಟ್ಟಿನ ನಡುವೆ ಇಟ್ಟು, ಮೇಲೆ ಸಂಖ್ಯೆ ಬರೆಯುತ್ತಿದ್ದಳು. "ಕೊನೆಯ ಬರಹ ಬಿದ್ದ ದಿನದಿಂದ ಹತ್ತು ವರ್ಷ ಅಲ್ವಾ ಅಣ್ಣ ಲೆಕ್ಕ? ಕೊನೆಯ ಬರಹ ಇವತ್ತು ಬಿದ್ದಿದೆ."

ಗಾಡಿಯಣ್ಣ ಬೆರಳಿನಲ್ಲಿ ಎಣಿಸಿ ನೋಡಿದ. "ಅಲ್ಲಿಗೆ ದೊಡ್ಡಮ್ಮಂಗೆ ತೊಂಬತ್ತೆರಡು" ಎಂದ. "ಅವತ್ತು ಇನ್ನೊಂದು ಸಹಿ ಹಾಕಿಸ್ಬಿಡಿ, ಮತ್ತೆ ಹತ್ತು."

"ನಿನ್ನ ಬಾಯಿಗಿಷ್ಟು!" ಎಂದಳು ದೊಡ್ಡಮ್ಮ.

ಹೊರಡುವಾಗ ಅವಳು ಕಲಕುವ ಕೋಣೆ ನೋಡಬೇಕೆಂದಳು. ಯಂತ್ರಗಳೆಲ್ಲ ಆಗಲೇ ಹೋಗಿದ್ದವು. ಹಂಡೆ ಇದ್ದಲ್ಲಿ ನೆಲದ ಮೇಲೆ ದುಂಡನೆಯ ಗುರುತು ಉಳಿದಿತ್ತು. ಅವಳು ಒಳಗೆ ಹೋಗಲಿಲ್ಲ. ಬಾಗಿಲ ಹೊರಗೆ, ಗೋಡೆಗೆ ಒರಗಿ ನಿಂತಳು. ಮಗಳು ಚೀಲ ಹಿಡಿದು ಪಕ್ಕದಲ್ಲಿ ನಿಂತಳು.

"ಕೂಗಿದರೆ ಕೇಳದಷ್ಟು ದೂರವೆ, ಕಂದ" ಎಂದು ದೊಡ್ಡಮ್ಮ ಮೆಲ್ಲಗೆ ಹಾಡತೊಡಗಿದಳು. ಅದು ಹದಿಮೂರನೆಯದು. ಮಗಳು ಅದನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲ ಸಲ. ಮನೆಯಲ್ಲಿ ಹಾಡುವಾಗೆಲ್ಲ ಅವಳು ಹನ್ನೆರಡಕ್ಕೇ ನಿಲ್ಲಿಸುತ್ತಿದ್ದಳು. ದನಿ ಒಡೆದಿತ್ತು, ಆದರೆ ನಡೆ ತಪ್ಪಲಿಲ್ಲ. ಹದಿನಾಲ್ಕು ಬಂತು, ಹದಿನೈದು ಬಂತು. ಹದಿನಾರು ಮುಗಿಯುವವರೆಗೂ ಗಾಡಿಯಣ್ಣ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡೇ ಇದ್ದ.